ಒಂದು ಕಲ್ಲು ಉಪ್ಪು ಕಡಿಮೆ

ನಮ್ಮ ಅಡಿಗೆ ಅಜ್ಜನ ಮೂಗು ಅವರಿಗಿಂತ ಎರಡು ಹೆಜ್ಜೆ ಮೊದಲೇ ಅಡಿಗೆಮನೆಗೆ ಬರುತ್ತಿತ್ತು. ಉದ್ದನೆಯ, ತುದಿಯಲ್ಲಿ ತುಸು ಬಾಗಿದ, ಒಲೆಯ ಝಳಕ್ಕೆ ಸದಾ ಕೆಂಪಗಿರುತ್ತಿದ್ದ ಮೂಗು. ಅದು ಕುದಿಯುವ ಹಂಡೆಯ ಮೇಲೆ ಒಂದು ಸುತ್ತು ತಿರುಗಿ ನಿಂತಿತೆಂದರೆ ನಾವೆಲ್ಲ ಉಸಿರು ಬಿಗಿಹಿಡಿದು ತೀರ್ಪಿಗೆ ಕಾಯಬೇಕು. "ಜೀರಗಿ ಹೊತ್ತೈತಿ" ಅಂದರೆ ಹೊತ್ತಿದೆ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಬ್ಯಾಡಗಿಯ ಸುತ್ತಮುತ್ತ ಮದುವೆ, ತೊಟ್ಟಿಲು, ಗೃಹಪ್ರವೇಶ ಯಾವುದಿದ್ದರೂ ಅಡಿಗೆ ಅವರದೇ. ಅವರದೊಂದು ನೇಮ: ದೇವರಿಗೆ ಎಡೆ ಹಿಡಿಯುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಐನೂರು ಮಂದಿಯ ಸಾರಾದರೂ ಅಷ್ಟೇ. ಕಣ್ಣು, ಮೂಗು, ಕೈಯ ಅಂದಾಜು ನಮ್ಮದು, ಉಳಿದದ್ದು ದೇವರದು. ಎಲ್ಲರ ಊಟವಾದ ಮೇಲೆ ಅಜ್ಜ ಕೊನೆಗೆ ಕುಳಿತು, ಮೊದಲ ತುತ್ತು ನುಂಗಿ, ತಮ್ಮ ಅಡಿಗೆಗೆ ತಾವೇ ಪ್ರಮಾಣಪತ್ರ ಕೊಟ್ಟುಕೊಳ್ಳುವರು: "ಒಂದು ಕಲ್ಲು ಉಪ್ಪು ಕಡಿಮಿ ಆತು."

ಹತ್ತು ವರ್ಷ ಅವರ ಕೈಕೆಳಗಿದ್ದೆ. ಕೊನೆಯ ಪಂಕ್ತಿಯಲ್ಲಿ ಅವರ ಬಾಯಿಂದ ಬೇರೆ ಮಾತು ಕೇಳಲಿಲ್ಲ. ಒಮ್ಮೆ ಯಾಕೆಂದು ವಿಚಾರಿಸಿದ್ದಕ್ಕೆ, "ಪೂರ್ತಿ ಸರಿ ಆತು ಅಂದ್ರ ನಾಳಿ ದೇವರನ್ನ ಕೇಳಾಕ ಏನ್ ಉಳೀತು?" ಅಂದರು.

ಮೊಬೈಲು ಫೋನು ಅಡಿಗೆಯವರ ಜೇಬಿಗೂ ಬಂದ ಕಾಲ. ನಾನೂ ಒಂದು ಕೊಂಡು ಸ್ವತಂತ್ರನಾದೆ. ರಾಣೇಬೆನ್ನೂರಿನ ಒಂದು ಮದುವೆ ನನ್ನ ಪಟ್ಟಾಭಿಷೇಕ. ಸಾಮಾನೆಲ್ಲ ಮದುವೆಯ ಮನೆಯವರು ತಂದದ್ದು, ಖಾರದ ಪುಡಿಯೂ ಸೇರಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಉರಿ ಕಡಿಮೆ. ಆದ್ದರಿಂದ ನಮ್ಮ ಕೈ ಧಾರಾಳ. ಅದೇ ಧಾರಾಳತನದಿಂದ ಸಾರಿಗೆ ನಾಲ್ಕು ಬಟ್ಟಲು ಸುರಿದೆ, ನೇಮದಂತೆ ರುಚಿ ನೋಡದೆ ಎಡೆ ಹಿಡಿದೆ. ಆ ಪುಡಿಯಲ್ಲಿ ಎಲ್ಲಿಯದೋ ಉರಿ ಜಾಸ್ತಿಯ ಮೆಣಸಿನಕಾಯಿ ಬೆರೆತಿತ್ತು. ಮೊದಲ ಪಂಕ್ತಿಯೇ ನೀರು ನೀರು ಎನ್ನುತ್ತ ಎದ್ದಿತು. ವರನ ಸೋದರಮಾವ ಕಣ್ಣೊರೆಸಿಕೊಳ್ಳುತ್ತ ಒಲೆಯ ತನಕ ಬಂದು, "ಏನಪಾ, ನಮ್ಮ ಮ್ಯಾಲ ಏನರ ಹಳೇ ದ್ವೇಷ ಐತೇನು?" ಎಂದು ಕೇಳಿದ.

ಆಮೇಲೆ ನನ್ನ ಕೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕಿ ಮೂರು ಸಲ ನೆಕ್ಕಿ ನೋಡುವೆ. ಮೊಬೈಲು ರಿಂಗಾದರೆ ಎದೆ ಹೊಡೆದುಕೊಳ್ಳುವುದು. ರಿಂಗಾಗದಿದ್ದರೆ ಇನ್ನೂ ಜೋರಾಗಿ. ಕೊನೆಗೆ ಅಜ್ಜನ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ನೇರವಾಗಿಯೇ ಆಪಾದನೆ ಮಾಡಿದೆ.

"ನಿಮ್ಮ ನೇಮ ಹಿಡಕೊಂಡು ಕೆಟ್ಟೆ ನೋಡ್ರಿ ಅಜ್ಜಾರ. ದೇವರ ಮ್ಯಾಲ ಭಾರ ಹಾಕಿದ್ನಿ, ಆತ ಕೈಬಿಟ್ಟ."

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದರು: "ಪುಡಿ ಚೀಲ ಬಿಚ್ಚಿದಾಗ ನಿನಗೇನೂ ಆಗಲಿಲ್ಲೇನು?"

"ಸೀನು ಬಂತ್ರಿ."

"ಎಷ್ಟು?"

"ನಾಕೈದು."

"ನಮ್ಮ ಪುಡಿಗೆ ಎಂದರ ಸೀನೀಯೇನು?"

"ಇಲ್ರಿ."

"ಮತ್ತ! ದೇವರು ನಾಕೈದು ಸಲ ಕೂಗಿ ಹೇಳ್ಯಾನ. ನೀ ಮೂಗು ಒರಿಸ್ಕೊಂಡು ಪುಡಿ ಸುರವೀದಿ. ಆತ ಏನು ಒಲಿ ಮುಂದ ಬಂದು ಕುಂದರಬೇಕೇನು? ನಿನ್ನ ಒಳಗ ಕುಂತ ಹೇಳತಾನ. ಕೇಳಾಂವ ಬೇಕಲ್ಲ."

ತಿಂಗಳೊಳಗೆ ಹಾವೇರಿಯಲ್ಲಿ ಒಂದು ತೊಟ್ಟಿಲ ಕಾರ್ಯ. ಅಜ್ಜ ನನ್ನನ್ನು ಎಳೆದುಕೊಂಡೇ ಹೋದರು. ಮನೆಯ ಯಜಮಾನ ನನ್ನನ್ನು ಗುರುತಿಸಿ ಮುಖ ಸಣ್ಣದು ಮಾಡಿದ. "ರಾಣೇಬೆನ್ನೂರಾಗ ಮಂದಿನ್ನ ಅಳಿಸಿದಾಂವ ಇವನ ಅಲ್ಲೇನ್ರಿ?"

"ಇವನ," ಅಂದರು ಅಜ್ಜ. "ಇವತ್ತು ಅಡಿಗಿ ಪೂರಾ ಇವನ ಮಾಡತಾನ. ಕೆಟ್ಟರ ನಾನೂ ಸೌಟು ಕೆಳಗಿಡತೇನಿ."

ನನ್ನ ಸೌಟು ಹೇಗೂ ಕೆಳಗೇ ಇತ್ತು. ಇವರ ನಲವತ್ತು ವರ್ಷದ ಹೆಸರನ್ನೂ ನನ್ನ ಹಂಡೆಗೆ ಹಾಕಿಬಿಟ್ಟರಲ್ಲ! ಅಜ್ಜ ಮಾತ್ರ ಅಕ್ಕಿ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದರು.

ಸಾರು ಕುದಿಯಿತು. ಖಾರದ ಪುಡಿಯನ್ನು ಹತ್ತು ಸಲ ಮೂಸಿದ್ದೆ, ಸೀನು ಬಂದಿರಲಿಲ್ಲ. ಆದರೂ ಧೈರ್ಯ ಸಾಲದೆ ಒಂದು ಚಮಚೆ ಸಾರು ತೆಗೆದುಕೊಂಡು ಗೋಡೆಯ ಮರೆಗೆ ಸರಿದೆ.

"ನೋಡೋ ತಮ್ಮಾ, ರುಚಿ ನೋಡು," ಮುಚ್ಚಿದ ಕಣ್ಣಿನ ಅಜ್ಜನ ಧ್ವನಿ ಬಂತು. "ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೋಡಿದ ಮ್ಯಾಲೂ ನಿನಗ ನಂಬಿಗಿ ಬರಂಗಿಲ್ಲ."

ಚಮಚೆ ತುಟಿಯ ಹತ್ತಿರವೇ ನಿಂತಿತು. ಅದರ ಹಬೆ ಮೂಗಿಗೆ ಬಡಿಯಿತು. ಹುಳಿ ಇದೆ, ಖಾರ ಇದೆ. ಏನೋ ಒಂದು ಇಲ್ಲ. ಸಪ್ಪಗಿದೆ. ಯಾರು ಹೇಳಿದರೋ ಗೊತ್ತಿಲ್ಲ, ಹೇಳಿದ್ದಂತೂ ಕೇಳಿಸಿತು. ಚಮಚೆಯನ್ನು ಚೆಲ್ಲಿ ಬಂದು ಹಂಡೆಗೆ ಒಂದು ಹಿಡಿ ಉಪ್ಪು ಹಾಕಿದೆ. ಎಡೆ ಹಿಡಿದದ್ದಾಯಿತು. ಪಂಕ್ತಿ ಕುಳಿತಿತು. ನಾನು ಬಾಗಿಲ ಹಿಂದೆ ನಿಂತು ಜನರ ಬಾಯನ್ನೇ ನೋಡುತ್ತಿದ್ದೆ, ಫಲಿತಾಂಶದ ಹಲಗೆಯನ್ನು ನೋಡುವಂತೆ. ಯಾರೂ ಮಾತಾಡುತ್ತಿಲ್ಲ.

"ಏ, ಸಾರು ಇನ್ನೊಮ್ಮಿ ತರ್ರಿ!" ಎಂದು ಮೂಲೆಯಿಂದ ಕೂಗಿದವನು ಆ ಮನೆಯ ಯಜಮಾನನೇ.

ಅಜ್ಜ ಕೊನೆಗೆ ಉಂಡರು. ನಾನು ಕೈಮುಗಿದಂತೆ ನಿಂತೆ. ತುತ್ತು ನುಂಗಿ ನನ್ನ ಕಡೆ ನೋಡಿದರು. "ಒಂದು ಕಲ್ಲು ಉಪ್ಪು ಕಡಿಮಿ ಆತು." ನನ್ನ ಕಣ್ಣಲ್ಲಿ ನೀರು ಬಂತು, ಅವತ್ತಿನದು ಖಾರದ್ದಲ್ಲ.

ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಉಂಡು ಅಡ್ಡಾದ ಅಜ್ಜ ಏಳಲಿಲ್ಲ. ಅವರ ದಿನಕರ್ಮದ ಅಡಿಗೆ ನನ್ನ ಪಾಲಿಗೆ ಬಂತು. ಅವತ್ತಿನಷ್ಟು ನಾನು ಎಂದೂ ಅಂಜಿಲ್ಲ, ಯಾಕೆಂದರೆ ಎಡೆ ಅವರ ಫೋಟೋದ ಮುಂದೆಯೇ ಹೋಗಬೇಕಿತ್ತು. ಆ ಮೂಗು ಫೋಟೋದಲ್ಲೂ ಮುಂದಕ್ಕೇ ಇತ್ತು. ರುಚಿ ನೋಡಲಿಲ್ಲ. ಹಬೆಗೆ ಮುಖವೊಡ್ಡಿ, ಒಳಗಿನವನು ಸಾಕು ಎನ್ನುವ ತನಕ ಕಾದು, ಬಡಿಸಿದೆ.

ಎಲ್ಲರೂ ಉಂಡು ಎದ್ದ ಮೇಲೆ ಅಜ್ಜ ಕೂರುತ್ತಿದ್ದ ಹಾಗೆ ಕೊನೆಗೆ ಒಬ್ಬನೇ ಕುಳಿತೆ. ಮೊದಲ ತುತ್ತು ನುಂಗಿ ಅಜ್ಜನ ಆ ಮಾತಿಗೆ ಕಾದೆ. ಯಾರೂ ಏನೂ ಅನ್ನಲಿಲ್ಲ.

ನಾನೇ ಅಂದೆ.