ನಾಗಾವಿಯಲ್ಲಿ ಹೆಜ್ಜೇನು ಎದ್ದ ದಿನ

ನನ್ನ ಹೆಂಡತಿ ಡಿಗ್ರಿಯ ಕೊನೆಯ ಪರೀಕ್ಷೆಗೆ ಕೂತಾಗ ಮಗಳಿಗೆ ಐದು ತಿಂಗಳು. ಬಾಟಲಿಯ ಹಾಲು ತುಟಿಗೂ ಸೋಕಿಸದ ಕೂಸು. ಹಾಗಾಗಿ ಸೇಡಂನಿಂದ ಚಿತ್ತಾಪುರದ ಕಾಲೇಜಿಗೆ ಎಲ್ಲರೂ ಹೊರಟೆವು. ಅವಳು, ಕೂಸು, ನಾನು, ನನ್ನ ಅತ್ತೆ. ಗೇಟಿನ ಪಕ್ಕದ ಬೇವಿನ ನೆರಳಲ್ಲಿ ಕೂತು ಹಾಲೂಡಿಸಿ, ಹಿಂತಿರುಗಿ ನೋಡದೆ ಒಳಗೆ ಹೋದಳು.

ಕಾಲೇಜಿನೆದುರು ಲಾರಿಗಳ ಧೂಳು, ಹಾರ್ನು. ಕೂಸು ಮಲಗಲಿಲ್ಲ. ಹತ್ತಿರದ ನಾಗಾವಿಯ ಹಳೆಯ ಗುಡಿಗಳಲ್ಲಿ ತಂಪಿರುತ್ತದೆಂದು ನಾನೇ ಆಟೊ ಹಿಡಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ಲಿ ದೊಡ್ಡ ವಿದ್ಯಾಕೇಂದ್ರವಿತ್ತು. ಈಗ ಉಳಿದಿರುವುದು ಕಂಬಗಳು, ಶಾಸನದ ಕಲ್ಲುಗಳು, ಕುಸಿದ ಗೋಡೆಗಳು. ಅತ್ತೆ ಬೇಡವೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಮದುವೆಯಾದಾಗಿನಿಂದ ಅವರು ನನ್ನೊಡನೆ ನೇರವಾಗಿ ಮಾತಾಡಿದ್ದೇ ಇಲ್ಲ. ಏನಿದ್ದರೂ ಮಗಳ ಮೂಲಕ. ಆ ದಿನ ಮಗಳಿರಲಿಲ್ಲವಾದ್ದರಿಂದ ಕೂಸಿಗೇ ಹೇಳುತ್ತಿದ್ದರು.

"ಕುಂಚಗಿ ಕಟ್ಟಂತ ಹೇಳವ್ವ ನಿಮ್ಮಪ್ಪಗ. ಬಿಸಲು ಭಾಳ ಅದ."

ನಾನು ಕೂಸಿನ ತಲೆಗೆ ಕುಂಚಿಗೆ ಕಟ್ಟಿದೆ.

ಕಂಬಗಳ ಮಂಟಪದೊಳಗೆ ನಿಜಕ್ಕೂ ತಂಪಿತ್ತು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಒಂದು ಜೋಡಿ ಬಂದಿತ್ತು. ಫೋಟೊಗ್ರಾಫರ್ ಅವರನ್ನು ಬಯಲಲ್ಲಿ ನಿಲ್ಲಿಸಿ ಡ್ರೋನ್ ಹಾರಿಸುತ್ತಿದ್ದ. ಕೂಸು ಕಣ್ಣರಳಿಸಿ ಅದನ್ನೇ ನೋಡುತ್ತಿತ್ತು. ಡ್ರೋನ್ ಗುಡಿಯ ಸೂರಿನ ಹತ್ತಿರ ಬಂದು ಮೂಲೆಯಲ್ಲಿ ಸುಳಿದಾಡಿತು. ಅಲ್ಲಿ ಹೆಜ್ಜೇನು ಕಟ್ಟಿದ್ದು ಕೆಳಗಿದ್ದ ನಮಗೆ ಕಂಡಿರಲಿಲ್ಲ.

ಮೊದಲು ಕೇಳಿಸಿದ್ದು ಸದ್ದು, ಡ್ರೋನಿನ ಸದ್ದನ್ನೇ ನುಂಗಿಬಿಡುವಂಥದ್ದು. "ಓಡ್ರಿ" ಎಂದು ಕೂಗುತ್ತ ಫೋಟೊಗ್ರಾಫರ್ ತಲೆಯ ಮೇಲೆ ಚೀಲ ಹಿಡಿದು ರಸ್ತೆಯ ಕಡೆ ಓಡಿದ. ಜೋಡಿ ಕಾರು ಸೇರಿತು. ನಾನೂ ಕೂಸನ್ನು ಎದೆಗವಚಿಕೊಂಡು ಬಯಲಿಗಿಳಿದೆ. ಅತ್ತೆ ನನ್ನ ತೋಳು ಹಿಡಿದು ಜಗ್ಗಿದರು.

"ಹೊರಗ ಬ್ಯಾಡ್ರಿ. ಒಳಗ ನಡ್ರಿ, ಕತ್ತಲದಾಗ."

ಮಂಟಪದ ಹಿಂದೆ ಬಾವಲಿ ನಾತದ ಒಂದು ಸಣ್ಣ ಕೋಣೆಯಿತ್ತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಕತ್ತಿಗೆ, ಕಿವಿಗೆ, ಕಣ್ಣಿನ ಕೆಳಗೆ ಕಚ್ಚಿದ್ದವು. ಮೂಲೆಯಲ್ಲಿ ಕುಸಿದು ಕೂತೆವು. ಅತ್ತೆ ಕೂಸನ್ನು ಕಸಿದು ಮಡಿಲಿಗೆ ಹಾಕಿಕೊಂಡು, ಪುಟ್ಟ ಕೌದಿ ಸುತ್ತಿ, ತಮ್ಮ ಸೆರಗು ಬಿಚ್ಚಿ ಮೂವರ ಮೇಲೂ ಹೊದಿಸಿದರು. ಒಳಗೆ ಉಸಿರು ಕಟ್ಟುವಷ್ಟು ಸೆಕೆ. ಹೊರಗೆ ಬಾಗಿಲ ತುಂಬ ಅದೇ ಸದ್ದು.

ಕೂಸು ಕಿರುಚತೊಡಗಿತು. ಅಷ್ಟು ಹತ್ತಿರದಿಂದ, ಅಷ್ಟು ಜೋರಾಗಿ ಅದು ಅತ್ತಿದ್ದನ್ನು ನಾನು ಕೇಳಿರಲಿಲ್ಲ. ಕಾಲು ಒದ್ದು ಒದ್ದು ಕೌದಿ ಕಳಚುತ್ತಿತ್ತು, ಸೆರಗು ಜಾರುತ್ತಿತ್ತು. ನಾನು ಬೆರಳು ಬಾಯಿಗಿಟ್ಟೆ, ಉಗುಳಿತು. ಐದು ತಿಂಗಳ ಮೈಗೆ ಎಷ್ಟು ಹುಳ ಕಚ್ಚಿದರೆ ತಡೆದೀತು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು.

"ಮಾರಿ ಆ ಕಡಿ ಹೊಳ್ಳಿಸ್ರಿ" ಎಂದರು ಅತ್ತೆ.

ಯಾಕೆಂದು ನನಗೆ ತಿಳಿಯಲಿಲ್ಲ.

"ಹೊಳ್ಳಿಸ್ರಿ ಅಂದ್ನಲ್ಲ. ಕೂಸಿಗಿ ಎದಿ ಕೊಡ್ತೀನಿ."

ನಾನು ಗೋಡೆಯ ಕಡೆ ತಿರುಗಿ ಕಲ್ಲಿಗೆ ಹಣೆ ಒತ್ತಿದೆ. ಹಿಂದೆ ಕುಪ್ಪಸದ ಗುಂಡಿ ಬಿಚ್ಚಿದ ಸದ್ದು. ಕೂಸು ಒಮ್ಮೆ ಬಿಕ್ಕಿತು, ಬಿಟ್ಟಿತು, ಮತ್ತೆ ಹಿಡಿಯಿತು. ಬರಿದಾದ ಎದೆಯೆಂದು ಅದಕ್ಕೆ ಗೊತ್ತಾಗಿರಬೇಕು. ಆದರೂ ಬಿಡಲಿಲ್ಲ. ಅತ್ತೆಯ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು.

ಕೂಸಿನ ಅಳು ನಿಂತಾಗ ಸೆರಗಿನೊಳಗೆ ಒಂದು ಗುಂಯ್ ಸದ್ದು ಬೇರೆಯಾಗಿ ಕೇಳಿಸಿತು.

"ಒಳಗೊಂದು ಬಂದದ ಅತ್ತಿ" ಎಂದೆ.

"ಅಲ್ಲಾಡಬ್ಯಾಡ್ರಿ."

ನನಗೆ ಸುಮ್ಮನಿರಲಾಗಲಿಲ್ಲ. ಮುಖ ತಿರುಗಿಸದೆ ಕೈಯನ್ನಷ್ಟೇ ಹಿಂದಕ್ಕೆ ಚಾಚಿ ತಡವಿದೆ. ಕೌದಿಯ ಅಂಚು, ಬೆವೆತ ಪಾದ, ಮೊಣಕಾಲು. ಅದರ ಹಿಂಬದಿಯಲ್ಲಿ ಹುಳ ಹರಿದಾಡುತ್ತಿತ್ತು. ಮುಷ್ಟಿಯಲ್ಲಿ ಹಿಡಿದೆ. ಅಂಗೈಗೆ ಕೆಂಡ ಇಟ್ಟಂತಾಯಿತು. ಅದು ಸಾಯುವವರೆಗೂ ಮುಷ್ಟಿ ಬಿಚ್ಚಲಿಲ್ಲ.

ಸದ್ದು ತೆಳುವಾಗಲು ಬಹಳ ಹೊತ್ತು ಹಿಡಿಯಿತು. ಸೆರಗು ತೆಗೆಯದೆ, ಗೋಡೆ ಹಿಡಿದುಕೊಂಡು ನಿಧಾನ ಹೊರಬಿದ್ದೆವು. ರಸ್ತೆಗೆ ಬಂದ ಮೇಲೆ ಫೋನಿಗೆ ಸಿಗ್ನಲ್ ಸಿಕ್ಕಿತು, ನಮ್ಮನ್ನು ಕರೆತಂದಿದ್ದ ಆಟೊದವನನ್ನೇ ಕರೆಸಿದೆ. ದಾರಿಯುದ್ದಕ್ಕೂ ಅತ್ತೆ ಕೂಸಿನ ಮೂಗಿನ ಮುಂದೆ ಬೆರಳು ಹಿಡಿದೇ ಇದ್ದರು.

ದವಾಖಾನೆಯಲ್ಲಿ ಡಾಕ್ಟರು ಕೂಸಿನ ಅಂಗಿ, ಕುಂಚಿಗೆ ಎಲ್ಲ ಬಿಚ್ಚಿಸಿ ನೋಡಿದರು. ಒಂದು ಕಿವಿಯ ಹಿಂದೆ ಒಂದೇ ಕೆಂಪು ಗುಳ್ಳೆ. ಆ ಗುಳ್ಳೆ ಯಾವಾಗ ಆಯಿತೋ ಇಬ್ಬರಿಗೂ ಗೊತ್ತಿಲ್ಲ. ಮುಳ್ಳು ಕೆರೆದು ತೆಗೆದು, "ಉಸಿರು ಚಂದ ಅದ. ಸ್ವಲ್ಪ ಹೊತ್ತು ಇಲ್ಲೇ ಕುಂದ್ರಿ, ನೋಡಮು" ಎಂದು ನನಗೆ ಇಂಜೆಕ್ಷನ್ ಕೊಟ್ಟರು. ಆ ಸ್ವಲ್ಪ ಹೊತ್ತಿನಲ್ಲಿ ನಾವಿಬ್ಬರೂ ಕೂಸಿನ ಹೊಟ್ಟೆ ಏಳುವುದನ್ನೂ ಇಳಿಯುವುದನ್ನೂ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಪರೀಕ್ಷೆ ಮುಗಿಯುವ ಹೊತ್ತಿಗೆ ನಾನೊಬ್ಬನೇ ಗೇಟಿಗೆ ಹೋದೆ. ಹೆಂಡತಿ ನನ್ನ ಬಾತ ಮುಖ ನೋಡಿ ನಿಂತಳು.

"ಕೂಸೆಲ್ಲಿ?"

"ದವಾಖಾನ್ಯಾಗ, ಅತ್ತಿ ಕೈಯಾಗ. ಆರಾಮ ಅದ."

ಮುಂದಿನದನ್ನು ಅವಳು ಆಟೊದಲ್ಲಿ ಕೇಳಿಸಿಕೊಂಡಳು, ಅತ್ತೆ ಎದೆ ಕೊಟ್ಟಿದ್ದೊಂದನ್ನು ಬಿಟ್ಟು. ದವಾಖಾನೆಯ ಬೆಂಚಿನಲ್ಲಿ ಕೂತು ಕೂಸಿಗೆ ಹಾಲು ಕೊಟ್ಟಳು. ಅದು ಗಟಗಟ ಕುಡಿಯುವುದನ್ನು ನೋಡುತ್ತ ಅವ್ವನನ್ನು ಕೇಳಿದಳು, "ಇಷ್ಟು ಹಸದಾಳ. ಅಲ್ಲಿ ಹ್ಯಾಂಗ ಸುಮ್ನಾದಳವ್ವ?"

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಅತ್ತತ್ತು ನಿದ್ದಿ ಹತ್ತಿತ್ತು."

ಹೆಂಡತಿ ನನ್ನತ್ತ ನೋಡಿದಳು. ಹೌದೆಂದು ತಲೆಯಾಡಿಸಿದೆ.

ಸೇಡಂ ಬಸ್ಸು ಹತ್ತುವಾಗ ನನ್ನ ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಕಂಡಕ್ಟರು ನೋಡಿ ಕಿಟಕಿಯ ಸೀಟು ಖಾಲಿ ಮಾಡಿಸಿಕೊಟ್ಟ.