ಮೂಲೆಯ ಮೊಹರು

ಶಿಡ್ಲಘಟ್ಟದ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಕಡತಗಳನ್ನು ಪತ್ರಾಗಾರಕ್ಕೆಂದು ಸ್ಕ್ಯಾನ್ ಮಾಡೋ ಗುತ್ತಿಗೆ ಕೆಲಸ ನನ್ನದು. ಆಯುಧಪೂಜೆಗೆ ಊರಿಗೆ ಹೋಗಿ ಬಂದವನೇ, ಪರದೆಯನ್ನಾಗಲಿ ಸ್ಕ್ಯಾನರನ್ನಾಗಲಿ ಸರಿಯಾಗಿ ನೋಡದೆ, ಬಾಕಿ ಬಿದ್ದಿದ್ದನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿ, ಸಿ.ಡಿ.ಗೆ ಹಾಕಿ ಬೆಂಗಳೂರಿಗೆ ಕಳಿಸಿಬಿಟ್ಟೆ.

ಅಲ್ಲಿ ಪುಟಗಳನ್ನು ತಪಾಸಣೆ ಮಾಡೋ ಮೇಡಂ ಫೋನ್ ಮಾಡಿದರು. "ಹಬ್ಬ ಆದ್ಮೇಲಿನ ಪುಟಗಳಿಗೆಲ್ಲ ಮೂಲೇಲಿ ದುಂಡಗೆ ಮೊಹರು ಬಿದ್ದಿದೆ. ಮುಂಚಿನವಕ್ಕೆ ಯಾಕ್ರೀ ಹಾಕ್ಸಿಲ್ಲ?"

ಯಾವ ಮೊಹರು ಅಂತ ಗಾಬರಿಯಾಗಿ ಸ್ಕ್ಯಾನರಿನ ಮುಚ್ಚಳ ಎತ್ತಿದೆ. ಗಾಜಿನ ಮೂಲೆಯಲ್ಲಿ, ಒಣಗಿ ಗಟ್ಟಿಯಾದ ಕುಂಕುಮದ ಬೊಟ್ಟು!

ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದ ನಾರಾಯಣಪ್ಪನವರ ಕಡೆ ತಿರುಗಿದೆ. "ಏನ್ ಸಾರ್ ಇದು?"

"ನೀನಿರ್ಲಿಲ್ವಲ್ಲ, ನಾನೇ ಪೂಜೆ ಮಾಡ್ದೆ ಕಣಪ್ಪ."

"ಬೊಟ್ಟು ಹೊರಗಡೆ ಇಡಬಾರ್ದಿತ್ತಾ?"

"ಹೊರಗಡೆ ಇರೋದು ಬರೀ ಡಬ್ಬ. ಬೆಳಕು ಬರೋದು ಗಾಜಿಂದ, ಅದೇ ತಾನೆ ಅದರ ಮುಖ? ಆದ್ರೂ ನಿನ್ ಕೆಲಸಕ್ಕೆ ಅಡ್ಡ ಆಗದಿರ್ಲಿ ಅಂತ ಮೂಲೇಲಿಟ್ಟಿದ್ದೀನಿ ನೋಡು," ಅಂದರು, ನಾನು ಥ್ಯಾಂಕ್ಸ್ ಹೇಳಬೇಕು ಅನ್ನೋ ಹಾಗೆ.

ಫೋನಿನಲ್ಲಿ ಮೇಡಂ ಇನ್ನೂ ಕಾಯುತ್ತಿದ್ದರು. ಅದು ಕುಂಕುಮ ಅಂದರೆ ಹಬ್ಬ ಆದಮೇಲಿನ ಪುಟಗಳನ್ನು ಮತ್ತೆ ಮಾಡಬೇಕು. ಮೊಹರೇ ಅಂತ ಒಪ್ಪಿಕೊಂಡರೆ ಮುಂಚಿನವನ್ನೆಲ್ಲ ಮತ್ತೆ ಮಾಡಬೇಕು. ಮುಂಚಿನದು ತಿಂಗಳುಗಟ್ಟಲೆ ಮಾಡಿದ ಕೆಲಸ, ಆಮೇಲಿನದು ಒಂದೇ ದಿನದ್ದು.

ಅದಕ್ಕೇ ಸತ್ಯ ಹೇಳಿದೆ.