ಸಹಿ ಹಾಕಿದ ಮತ

ಗ್ಲೆಂಡಾ ಹಾಸ್ಕಿನ್ ಒಂದು ಕಡೆ ಕೂತಿದ್ದನ್ನು ಕೋಂಬ್‌ವೆಲ್ ಪೇಟೆಯಲ್ಲಿ ಕಂಡವರು ಕಡಿಮೆ. ಇಪ್ಪತ್ತಾರು ವರ್ಷ ಮನೆಮನೆಗೆ ಅಂಚೆ ಹಂಚಿದವಳು, ಆಮೇಲೆ ಎಂಟು ವರ್ಷ ಜಿಲ್ಲಾ ಕೌನ್ಸಿಲಿನ ಸದಸ್ಯೆ. ಕೆಲಸ ಬದಲಾಯಿತೇ ಹೊರತು ಕಾಲಿಗೆ ಕಟ್ಟಿದ ಚಕ್ರ ಬಿಚ್ಚಲಿಲ್ಲ. ಕಸದ ಗಾಡಿ ಬರಲಿಲ್ಲ ಎಂದು ಯಾರಾದರೂ ದೂರಿದರೆ ಫೋನಿನಲ್ಲೇ ಮುಗಿಯುವ ಮಾತಿಗೂ ನಡೆದುಕೊಂಡು ಹೋಗಿ ತೊಟ್ಟಿಯ ಮುಚ್ಚಳ ಎತ್ತಿ ನೋಡುತ್ತಿದ್ದಳು. ಯಾವ ಪಕ್ಷಕ್ಕೂ ಸೇರಿದವಳಲ್ಲ. "ಪಕ್ಷಕ್ಕೆ ಸೇರಿದ್ರೆ ಮೀಟಿಂಗ್‌ನಲ್ಲಿ ಕೂರ್ಬೇಕಲ್ಲ, ಅದಕ್ಕೇ" ಎಂದು ಗಂಡ ಕೀತ್ ಛೇಡಿಸುತ್ತಿದ್ದ.

ಈ ಸಲದ ಚುನಾವಣೆಯಲ್ಲಿ ಮತಗಟ್ಟೆಯ ಬಾಗಿಲು ಬೆಳಗ್ಗೆ ಏಳಕ್ಕೆ ತೆರೆದಾಗ ಮೊದಲ ಚೀಟಿ ಅವಳದೇ, ಎರಡನೆಯದು ಕೀತ್‌ನದು. ಅಲ್ಲಿಂದ ರಾತ್ರಿ ಹತ್ತರ ತನಕ ಅವಳು ಊರೆಲ್ಲ ಸುತ್ತಿದಳು. ಕಾಲು ನೋವಿನವರನ್ನು ಕೈಹಿಡಿದು ಕರೆತಂದಳು. ನಾಯಿ ಬಿಟ್ಟು ಬರಲಾಗದವರ ನಾಯಿಯನ್ನು ಹೊರಗೆ ತಾನೇ ಹಿಡಿದು ನಿಂತಳು. ಗೆಲ್ಲಲೇಬೇಕಿತ್ತು ಅವಳಿಗೆ. ಆ ಕುರ್ಚಿ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು?

ಎಣಿಕೆ ನಡೆದದ್ದು ಮರುದಿನ, ಶುಕ್ರವಾರ, ಪಕ್ಕದ ಪಟ್ಟಣದ ಕ್ರೀಡಾಭವನದಲ್ಲಿ. ಬ್ಯಾಡ್ಮಿಂಟನ್ ಅಂಕಣದ ಗೆರೆಗಳ ಮೇಲೆ ಮೇಜು ಹಾಕಿದ್ದರು. ಗ್ಲೆಂಡಾ ಆ ಗೆರೆ ಹಿಡಿದು ಅತ್ತಿಂದಿತ್ತ, ಇತ್ತಿಂದತ್ತ ನಡೆದಳು. ಎದುರಾಳಿ ಮಾರ್ಟಿನ್ ಸ್ಟಡ್ಲಿ ಮನೆ ಮಾರಾಟದ ಅಂಗಡಿ ಇಟ್ಟವನು, ಕಾಲು ಚಾಚಿ ಕೂತು ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಅವನಿಗೇನು, ಕೂರಲು ಬರುತ್ತದೆ!

ಮೊದಲು ಸಂಶಯದ ಮತಪತ್ರಗಳನ್ನು ತೋರಿಸಲು ಚುನಾವಣಾಧಿಕಾರಿ ಇಬ್ಬರು ಅಭ್ಯರ್ಥಿಗಳನ್ನೂ ಅವರ ಕಡೆಯವರನ್ನೂ ಕರೆದಳು. ಐದಿದ್ದವು. ಒಂದು ಖಾಲಿ. ಒಂದರಲ್ಲಿ ಹಂದಿಯ ಚಿತ್ರ, ಚೆನ್ನಾಗಿಯೇ ಬಿಡಿಸಿದ್ದರು. ಎರಡರಲ್ಲಿ ಇಬ್ಬರ ಹೆಸರಿಗೂ ಗುರುತು. ಐದನೆಯದು ಮೇಜಿನ ಮೇಲೆ ತಲೆಕೆಳಗಾಗಿದ್ದಾಗಲೇ ಅದು ಯಾರದೆಂದು ಗ್ಲೆಂಡಾಗೆ ಗೊತ್ತಾಯಿತು. ಇಪ್ಪತ್ತಾರು ವರ್ಷ ಊರಿನ ಅಕ್ಷರಗಳನ್ನು ಹೊತ್ತವಳಿಗೆ ಆ ಬಾಗಿದ ನೀಲಿ ಬರಹ ತಿಳಿಯದೆ ಇದ್ದೀತೆ? ಗ್ಲೆಂಡಾಳ ಹೆಸರಿನ ಮುಂದೆ ಮತದ ಅಚ್ಚುಕಟ್ಟಾದ ಅಡ್ಡಗುರುತು. ಅದರ ಕೆಳಗೆ ಬರೆದಿತ್ತು: "ಸಂತೆ ಚೌಕದ ಶೌಚಾಲಯ ಮುಚ್ಚದಂತೆ ನೋಡಿಕೊಂಡಿದ್ದಕ್ಕೆ ತುಂಬಾ ವಂದನೆಗಳು. ಇಂತಿ, ಈಡಿತ್ ಪಾಬ್‌ಜಾಯ್, 14, ಟ್ಯಾನರಿ ಓಣಿ."

"ಮತದಾರರ ಗುರುತು ಸಿಗೋ ಹಾಗಿದೆ. ಇದು ನಡೆಯಲ್ಲ" ಎಂದಳು ಅಧಿಕಾರಿ.

"ಓಟು ಯಾರಿಗೆ ಅಂತ ಕುರುಡರಿಗೂ ಕಾಣುತ್ತಲ್ಲ ಮೇಡಂ" ಎಂದ ಕೀತ್.

"ಯಾರು ಹಾಕಿದ್ದು ಅಂತಾನೂ ಕಾಣುತ್ತಲ್ಲ, ಅದೇ ತೊಂದ್ರೆ. ಇಲ್ಲಿ ನೋಡಿದ್ದನ್ನ ಹೊರಗೆ ಆಡೋ ಹಾಗಿಲ್ಲ, ನೆನಪಿರ್ಲಿ."

ಗ್ಲೆಂಡಾ ನಕ್ಕುಬಿಟ್ಟಳು. ಒಂದು ಮತ ಹೋದರೆ ಹೋಗಲಿ, ಎಂಥ ಮುಗ್ಧ ಮುದುಕಿ ಎಂದುಕೊಂಡಳು. ಒಂದು ಗಂಟೆ ಕಳೆದ ಮೇಲೆ ಆ ನಗು ಉಳಿಯಲಿಲ್ಲ. ಸ್ಟಡ್ಲಿಗೆ ನಾನೂರ ಹನ್ನೆರಡು, ಗ್ಲೆಂಡಾಗೆ ನಾನೂರ ಹನ್ನೊಂದು. ಮತ್ತೆ ಎಣಿಸಿರೆಂದಳು. ಎಣಿಸಿದರು. ಅದೇ. ಆ ಒಂದು ಮತ ಸೇರಿದ್ದರೆ ಸರಿಸಮ, ಆಮೇಲೆ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಅದೃಷ್ಟ ಯಾರದೋ, ಆದರೂ ಅರ್ಧ ಬಾಗಿಲಾದರೂ ತೆರೆದಿರುತ್ತಿತ್ತು. ಸ್ಟಡ್ಲಿ ಕೈ ಕುಲುಕಿದಾಗ ಅವನ ಬೆರಳಿಗೆ ಮೊಟ್ಟೆ ಅಂಟಿತ್ತು.

"ಆ ಮುದುಕಿಗೆ ಪೆನ್ನು ಕೊಟ್ಟೋರು ಯಾರೇ? ಅಲ್ಲಿ ದಾರ ಕಟ್ಟಿರೋ ಪೆನ್ಸಿಲ್ ಇರುತ್ತಲ್ಲ!" ದಾರಿಯುದ್ದಕ್ಕೂ ಕೀತ್‌ನದು ಅದೇ ಹಾಡು.

ಶನಿವಾರ ಬೆಳಗ್ಗೆ ಎಂಟಕ್ಕೆ ಫೋನು ಬಂತು. ಈಡಿತ್ ಪಾಬ್‌ಜಾಯ್. "ಈಗಿಂದೀಗ ಬಾ." ಸೋತವರ ಸದಸ್ಯತನವೂ ಸೋಮವಾರದವರೆಗೆ ಇರುತ್ತದೆ, ಅದು ಕಾನೂನು. ಗ್ಲೆಂಡಾ ಕೋಟು ಹಾಕಿ ಹೊರಟಳು. ದಾರಿಯುದ್ದಕ್ಕೂ ಒಂದೇ ತಳಮಳ: ಹೇಳಿಬಿಡಲೇ? ನಿಮ್ಮ ಉಪಕಾರದಿಂದಲೇ ನಾನು ಸೋತೆ ಎಂದು ಒಂದು ಸಲ ಹೇಳಿದರೆ ಎದೆಯ ಉರಿ ತಣಿಯುತ್ತಿತ್ತು. ಸಿಟ್ಟು ಬಂದಿತ್ತು ಅವಳಿಗೆ. ಎಂಬತ್ತಾರು ವರ್ಷದ ಮುದುಕಿಯ ಮೇಲೆ ಸಿಟ್ಟು ಮಾಡುವುದು ಚೆಂದವಲ್ಲ, ಆದರೆ ಬಂದದ್ದು ಬಂದಿತ್ತು.

ಟ್ಯಾನರಿ ಓಣಿಯಲ್ಲಿ ಹದಿನಾಲ್ಕನೇ ಮನೆ ಈಡಿತ್‌ಳದು, ಪಕ್ಕದ ಹದಿನಾರು ತಂಗಿ ನೋರಾಳದು. ನಡುವೆ ಮೊಣಕಾಲೆತ್ತರದ ಗೋಡೆ. ಪ್ರತಿ ಶನಿವಾರ ಈಡಿತ್ ಸೀಮೆಜೀರಿಗೆ ಕೇಕು ಮಾಡಿ ಅರ್ಧವನ್ನು ಆ ಗೋಡೆಯ ಮೇಲಿಂದ ದಾಟಿಸುವುದು ಓಣಿಗೇ ಗೊತ್ತು. ಈವತ್ತು ನೋರಾಳ ಪರದೆ ಎಳೆದಿತ್ತು. ಈಡಿತ್‌ಳ ಮೇಜಿನ ಮೇಲೆ ಕೇಕು ಇಡಿಯಾಗಿ ಕೂತಿತ್ತು.

"ಕೂತ್ಕೋ. ನೀನು ಕೂರೋದಿಲ್ಲ, ಗೊತ್ತು. ರೇಡಿಯೋದಲ್ಲಿ ಕೇಳ್ದೆ. ಒಂದೇ ಒಂದು ಓಟು, ಅಲ್ವಾ?" ಈಡಿತ್ ಚಹಾ ಬಗ್ಗಿಸಿದಳು. "ಅದು ಯಾರದು ಅಂತ ನಂಗೊತ್ತು."

ಗ್ಲೆಂಡಾ ಕುರ್ಚಿಯ ಅಂಚಿನಲ್ಲಿ ಕೂತುಬಿಟ್ಟಳು.

"ಈ ನೋರಾಂದು! ಗುರುವಾರ ಬಾರೇ ಅಂತ ಬಾಗಿಲು ಬಡ್ದೆ. 'ಗ್ಲೆಂಡಾ ಹೆಂಗಿದ್ರೂ ಗೆಲ್ತಾಳೆ, ನಾನ್ಯಾಕೆ ಮಂಡಿ ನೋಯಿಸ್ಕೊಳ್ಳಿ' ಅಂದ್ಲು. ಆ ಚೌಕಕ್ಕೆ ಹೋದಾಗೆಲ್ಲ ಮೊದ್ಲು ಶೌಚಾಲಯಕ್ಕೆ ಓಡೋಳು ಅವಳೇ! ಉಪಕಾರ ಗೊತ್ತಿಲ್ದೋಳು. ನಿನ್ನೆಯಿಂದ ಅವಳ ಹತ್ರ ಮಾತು ಬಿಟ್ಟಿದೀನಿ. ಸಾಯೋವರ್ಗೂ ಆಡಲ್ಲ."

"ಮಿಸೆಸ್ ಪಾಬ್‌ಜಾಯ್, ಅಷ್ಟೆಲ್ಲ…"

"ನಾನು ನೋಡು, ಮನೆಯಿಂದ್ಲೇ ಪೆನ್ನು ತಗೊಂಡು ಹೋಗಿದ್ದೆ. ಪೆನ್ಸಿಲ್‌ನಲ್ಲಿ ವಂದನೆ ಬರೆದ್ರೆ ಮರ್ಯಾದೆ ಅಲ್ಲ." ಮುದುಕಿ ಮುಂದೆ ಬಾಗಿದಳು. ಕಣ್ಣಲ್ಲಿ ಪುಟ್ಟ ಹುಡುಗಿಯ ಆಸೆ. "ನನ್ನ ಚೀಟಿ ನಿನ್ನ ಕೈಗೆ ಬಂತಾ?"

ಹೇಳುವುದಿದ್ದರೆ ಇದೇ ಗಳಿಗೆ. ಗ್ಲೆಂಡಾ ಎದ್ದು ಕಿಟಕಿಗೆ ಹೋದಳು, ಅಲ್ಲಿಂದ ಬಾಗಿಲಿಗೆ, ಮತ್ತೆ ಕಿಟಕಿಗೆ. ಆಚೆ ಪರದೆಯ ಅಂಚು ಒಂದಿಷ್ಟು ಸರಿದು ಮತ್ತೆ ಮುಚ್ಚಿಕೊಂಡಿತು. ನೋರಾ ಕೇಕಿಗೆ ಕಾಯುತ್ತಿದ್ದಳು. ಈ ವಯಸ್ಸಿನಲ್ಲಿ ಈ ಇಬ್ಬರಿಗೆ ಎಷ್ಟು ಶನಿವಾರ ಉಳಿದಿವೆಯೋ ಎಂಬ ಯೋಚನೆ ಬಂದು ಗ್ಲೆಂಡಾಳ ಸಿಟ್ಟು ಇಳಿದುಹೋಯಿತು.

"ಬಂತು. ಓದಿದೆ. ಅಷ್ಟು ಚಂದದ ಚೀಟಿ ನಂಗೆ ಯಾರೂ ಬರೆದಿರ್ಲಿಲ್ಲ" ಎಂದಳು. ಅದು ನಿಜವೇ. ಮುಂದಿನದು ಸುಳ್ಳು. "ಆದ್ರೆ ಆ ಒಂದು ಓಟು ನೋರಾಂದಲ್ಲ. ನಂದು."

"ಅಂದ್ರೆ?"

"ಎಲ್ರನ್ನೂ ಕರ್ಕೊಂಡು ಬರೋ ಗಡಿಬಿಡೀಲಿ ನಾನೇ ಹಾಕೋದು ಮರ್ತೆ. ಹತ್ತು ಗಂಟೆಗೆ ಬಾಗಿಲು ಹಾಕಿದ್ಮೇಲೆ ನೆನಪಾಯ್ತು."

ಈಡಿತ್ ಕಪ್ಪು ಕೆಳಗಿಟ್ಟಳು. ಆಮೇಲೆ ಶುರುವಾಯಿತು ನೋಡಿ ನಗು, ಕಣ್ಣಲ್ಲಿ ನೀರು ಬರುವ ತನಕ. "ಅಯ್ಯೋ ನಿನ್ನ! ಮದುಮಗಳೇ ಮದುವೆಗೆ ಬರ್ಲಿಲ್ಲ ಅಂದ್ಮೇಲೆ ನೆಂಟರನ್ನ ಬೈದು ಏನು ಬಂತು!" ಚಾಕು ತಂದು ಕೇಕನ್ನು ಎರಡು ಪಾಲು ಮಾಡಿ, ತಟ್ಟೆ ಹಿಡಿದು ಅಂಗಳಕ್ಕೆ ನಡೆದಳು. "ನೋರಾ! ಬಾಗಿಲು ತೆಗಿಯೇ, ನಿನಗಿಂತ ದೊಡ್ಡ ದಡ್ಡಿ ಇಲ್ಲಿದಾಳೆ!"

ಆ ಗೋಡೆ ದಾಟಿದ ಸುದ್ದಿ ಓಣಿ ದಾಟಲು ಎಷ್ಟು ಹೊತ್ತು? ಮಧ್ಯಾಹ್ನ ಮಾಂಸದಂಗಡಿಯವನು ಸಾಸೇಜ್ ಕಟ್ಟಿಕೊಡುತ್ತ, "ಹಣ ಕೊಡೋದು ಮರೀಬೇಡಿ ಮತ್ತೆ" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಗ್ಲೆಂಡಾಳೂ ನಕ್ಕಳು.

ಮನೆಯಲ್ಲಿ ಕೀತ್ ಕೆಂಡವಾಗಿದ್ದ. "ಏಳು ಗಂಟೆಗೆ ನಿನ್ನ ಹಿಂದೇನೇ ನಿಂತಿದ್ನಲ್ಲೇ ನಾನು!"

"ನಿಂತಿದ್ದೆ. ಈಗ ಬಾಯಿ ಮುಚ್ಕೊಂಡಿರು."

"ಸೋತಿದ್ದು ಸಾಲ್ದು ಅಂತ ನಗೆಪಾಟ್ಲು ಬೇರೆ. ತನ್ನ ಓಟೇ ಮರೆಯೋಳಿಗೆ ಮುಂದಿನ ಸಲ ಯಾರು ಹಾಕ್ತಾರೆ?"

ಗ್ಲೆಂಡಾ ಕೋಟು ಬಿಚ್ಚಲು ಹೋದವಳು ಮತ್ತೆ ಗುಂಡಿ ಹಾಕಿಕೊಂಡಳು. ಸೋಮವಾರದವರೆಗೆ ಇನ್ನೂ ಎರಡು ದಿನವಿತ್ತು, ಮಿಲ್ ಬೀದಿಯಲ್ಲಿ ಕಸದ ಗಾಡಿ ಬಂದಿರಲಿಲ್ಲ.

"ಮಿಸೆಸ್ ಪಾಬ್‌ಜಾಯ್ ಹಾಕ್ತಾರೆ" ಎಂದಳು, ಬಾಗಿಲು ತೆರೆಯುತ್ತ. "ಸಹಿ ಸಮೇತ."